‘ಫುಲ್ ಇನ್ಶೂರೆನ್ಸ್’ ಅಂದಿರಿ, ಯಾರಿಗೆ ಸ್ವಾಮಿ?

ಅಧ್ಯಕ್ಷರು,
ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರ,
ಹೈದರಾಬಾದ್

ಮಾನ್ಯರೇ,

ನಾನು ತಿಪಟೂರಿನವಳು. ಪಿಯುಸಿ ಮಕ್ಕಳಿಗೆ ಲೆಕ್ಕಶಾಸ್ತ್ರ ಹೇಳಿಕೊಡುತ್ತೇನೆ. ಜಮಾ, ಖರ್ಚು, ಸವಕಳಿ ಅಂತ ದಿನಾ ಬೋರ್ಡಿನ ಮೇಲೆ ಬರೆಯುವವಳು. ಹಾಗಿದ್ದೂ ನಮ್ಮ ಮನೆ ಕಾರಿನ ಪಾಲಿಸಿಯನ್ನು ಮೊದಲ ಸಲ ಪೂರ್ತಿ ಓದಿದ್ದು, ಕಾರು ಗ್ಯಾರೇಜಿನಲ್ಲೂ ಮೈದುನ ಆಸ್ಪತ್ರೆಯಲ್ಲೂ ಮಲಗಿದ್ದಾಗ. ಅದಕ್ಕೆ ಮುಂಚೆ ಅದು ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ, ಪೊಲೀಸರು ಕೇಳಿದರೆ ತೋರಿಸುವ ಒಂದು ಕಾಗದ, ಅಷ್ಟೆ.

2025ರ ಜನವರಿ ಕೊನೆಯ ಒಂದು ರಾತ್ರಿ. ಮೈದುನ, ಓರಗಿತ್ತಿ, ಅವರ ಮಗಳು ಅರಸೀಕೆರೆಯಲ್ಲಿ ಆರತಕ್ಷತೆ ಮುಗಿಸಿಕೊಂಡು ಬರುತ್ತಿದ್ದರು. ತೆಂಗಿನ ಗರಿ ತುಂಬಿದ ಟ್ರ್ಯಾಕ್ಟರೊಂದು ರಸ್ತೆಯಲ್ಲೇ ನಿಂತಿತ್ತು. ಹಿಂದೆ ಲೈಟಿಲ್ಲ, ರೇಡಿಯಂ ಸ್ಟಿಕ್ಕರೂ ಇಲ್ಲ. ಒಣಗಿದ ಗರಿಗೂ ಕತ್ತಲಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಕಾರು ಹಿಂದಿನಿಂದ ಹೋಗಿ ಹೊಡೆಯಿತು. ಮೈದುನನಿಗೆ ಮೂರು ಪಕ್ಕೆಲುಬು ಮುರಿಯಿತು, ಮಣಿಕಟ್ಟು ಹೋಯಿತು. ಮಗುವಿನ ಹಣೆಗೆ ನಾಲ್ಕು ಹೊಲಿಗೆ. ಟ್ರ್ಯಾಕ್ಟರಿನವನು ಗೊತ್ತಿರುವವನೇ ಅಂತ ಊರ ಹಿರಿಯರು ಅಲ್ಲೇ ರಾಜಿ ಮಾಡಿಸಿ, ಕಂಪ್ಲೇಂಟ್ ಬೇಡ ಅಂದರು. ಅದರ ಬಗ್ಗೆ ನನಗೆ ಈಗಲೂ ಸಿಟ್ಟಿದೆ. ಆದರೆ ಅದು ನಮ್ಮ ಮನೆ ಜಗಳ, ನಿಮಗೆ ಬೇಡ.

ನಿಮಗೆ ಸಂಬಂಧಪಟ್ಟಿದ್ದು ಆ ರಾತ್ರಿ ಏಜೆಂಟರು ಫೋನಿನಲ್ಲಿ ಹೇಳಿದ ಮಾತು. "ಏನೂ ಯೋಚನೆ ಮಾಡಬೇಡಿ ಮೇಡಂ, ಫುಲ್ ಇನ್ಶೂರೆನ್ಸ್ ಇದೆ."

ಅವರು ಸುಳ್ಳು ಹೇಳಲಿಲ್ಲ. ನಾವೆಲ್ಲರೂ ಹಾಗೇ ಅನ್ನುತ್ತೇವೆ. ಶೋರೂಮಿನಲ್ಲಿ, ಬ್ಯಾಂಕಿನಲ್ಲಿ, ಆರ್‌ಟಿಓ ಮುಂದಿನ ಅಂಗಡಿಯಲ್ಲಿ ಇರುವುದು ಎರಡೇ ಮಾತು. ಒಂದು ‘ಥರ್ಡ್ ಪಾರ್ಟಿ’, ಇನ್ನೊಂದು ‘ಫುಲ್’. ನಾನು ಪಾಲಿಸಿಯನ್ನು ತಲೆಯಿಂದ ಬುಡದವರೆಗೆ ಓದಿದೆ. ಅದರಲ್ಲಿ ‘ಫುಲ್’ ಅನ್ನುವ ಪದವೇ ಇಲ್ಲ. ಇರುವುದು ‘ಪ್ಯಾಕೇಜ್ ಪಾಲಿಸಿ’. ಒಂದೇ ಕಾಗದದಲ್ಲಿ ಮೂರು ಬೇರೆ ಬೇರೆ ವಿಮೆ. ನಮ್ಮ ಕಾರಿಗೆ ಆದ ಹಾನಿಗೆ ಒಂದು. ನಮ್ಮ ಕಾರಿನಿಂದ ಬೇರೆಯವರಿಗೆ ಆದ ಹಾನಿಗೆ ಒಂದು. ಕಾರಿನ ಮಾಲೀಕರ ಪ್ರಾಣಕ್ಕೆ ಒಂದು. ಇದರಲ್ಲಿ ಆ ರಾತ್ರಿ ಕಾರಿನಲ್ಲಿದ್ದ ಮೂವರು ಎಲ್ಲಿದ್ದಾರೆ ಅಂತ ಹುಡುಕಲು ನನಗೆ ಎರಡು ವಾರ ಬೇಕಾಯಿತು.

ಮೊದಲು ಸ್ಟಿಯರಿಂಗ್ ಹಿಡಿದಿದ್ದ ಮೈದುನ.

ರಸೀದಿಯಲ್ಲಿ ‘ಮಾಲೀಕ-ಚಾಲಕರ ವೈಯಕ್ತಿಕ ಅಪಘಾತ ವಿಮೆ, 15 ಲಕ್ಷ’ ಅಂತ ಸ್ಪಷ್ಟವಾಗಿ ಇತ್ತು. ನೋಡಿ ಒಂದು ಕ್ಷಣ ಜೀವ ಬಂದ ಹಾಗಾಯಿತು. ಆಮೇಲೆ ಷರತ್ತು ಓದಿದೆ. ಆರ್‌ಸಿಯಲ್ಲಿ ಹೆಸರಿರುವ ಮಾಲೀಕರಿಗೆ ಮಾತ್ರ. ಅವರ ಹತ್ತಿರ ಚಾಲ್ತಿಯಲ್ಲಿರುವ ಲೈಸೆನ್ಸ್ ಇರಬೇಕು. ನಮ್ಮ ಆರ್‌ಸಿ ಮಾವನವರ ಹೆಸರಲ್ಲಿದೆ. 2020ರ ಡಿಸೆಂಬರ್‌ನಲ್ಲಿ ಕಾರು ತಂದಾಗ, ಮನೆಗೆ ಮೊದಲ ಕಾರು, ಹಿರಿಯರ ಹೆಸರಲ್ಲೇ ಇರಲಿ ಅಂತ ಎಲ್ಲರೂ ಒಪ್ಪಿ ಮಾಡಿದ್ದು. ಮಾವನವರು ಸೈಕಲ್ ಬಿಟ್ಟು ಬೇರೇನೂ ಓಡಿಸಿದವರಲ್ಲ. ಲೈಸೆನ್ಸೇ ಇಲ್ಲ.

ಲೈಸೆನ್ಸ್ ಇಲ್ಲದ ಮಾಲೀಕರಿಗೆ ಈ ವಿಮೆ ಕೊಡಲು ಬರುವುದಿಲ್ಲ ಅಂತ ನಿಮ್ಮ ನಿಯಮವೇ ಹೇಳುತ್ತದೆ. ಆದರೂ ವರ್ಷ ವರ್ಷ ಅದರ ಹಣ ತೆಗೆದುಕೊಂಡರು. ಲೈಸೆನ್ಸ್ ಇದೆಯಾ ಅಂತ ಒಬ್ಬರೂ ಕೇಳಲಿಲ್ಲ. ಯಾರಿಗೂ ಎಂದೂ ಸಿಗದ ಒಂದು ವಿಮೆಯನ್ನು ನಾವು ಕೊಳ್ಳುತ್ತಾ ಬಂದೆವು. ಮೊತ್ತ ದೊಡ್ಡದಲ್ಲ, ಕೆಲವು ನೂರು ರೂಪಾಯಿ. ಆದರೆ ಅಪ್ಪನ ಹೆಸರಲ್ಲಿ ಕಾರು, ಮಗ ಓಡಿಸುವುದು, ಇದು ನಮ್ಮೂರಲ್ಲಿ ಮನೆ ಮನೆ ಕಥೆ. ಹೆಂಡತಿ ಹೆಸರಲ್ಲಿ ಕಾರು, ಗಂಡ ಓಡಿಸುವುದು ಇನ್ನೂ ಜಾಸ್ತಿ. ಅವರೆಲ್ಲರ ರಸೀದಿಯಲ್ಲೂ ಈ 15 ಲಕ್ಷ ಕೂತಿರುತ್ತದೆ.

ಇನ್ನೂ ಒಂದು ಮಾತು. ಅಕಸ್ಮಾತ್ ಕಾರು ಮೈದುನನ ಹೆಸರಲ್ಲೇ ಇದ್ದಿದ್ದರೆ? ಆಗಲೂ ಒಂದು ರೂಪಾಯಿ ಬರುತ್ತಿರಲಿಲ್ಲ. ಈ ವಿಮೆ ಆಸ್ಪತ್ರೆ ಬಿಲ್ಲಿಗಲ್ಲ. ಸಾವಾದರೆ, ಎರಡೂ ಕಣ್ಣು ಅಥವಾ ಎರಡು ಕೈಕಾಲು ಹೋದರೆ ಪೂರ್ತಿ ಹಣ. ಒಂದು ಹೋದರೆ ಅರ್ಧ. ಪಕ್ಕೆಲುಬು ಮುರಿದರೆ ಸೊನ್ನೆ.

ಸರಿ, ಥರ್ಡ್ ಪಾರ್ಟಿ ಇದೆಯಲ್ಲ, ಅದರಲ್ಲಿ ಕೇಳೋಣ ಅಂತ ನಮ್ಮ ಯಜಮಾನರು ಅಂದರು. ಮೊದಲ ಪಾರ್ಟಿ ಮಾಲೀಕ, ಎರಡನೆಯದು ಕಂಪನಿ, ಉಳಿದವರೆಲ್ಲ ಮೂರನೆಯವರು. ಮೈದುನ ಮಾಲೀಕನಲ್ಲ, ಹಾಗಾದರೆ ಮೂರನೆಯವನೇ ತಾನೇ? ಕೇಳಲು ಎಷ್ಟು ನ್ಯಾಯವಾಗಿದೆ ಅಲ್ವಾ? ಕಾನೂನು ಹಾಗೆ ನೋಡುವುದಿಲ್ಲ. ಮಾಲೀಕರ ಕಾರನ್ನು ಕೇಳಿ ತೆಗೆದುಕೊಂಡು ಹೋದವನು ಆ ಹೊತ್ತಿಗೆ ಮಾಲೀಕನ ಜಾಗದಲ್ಲೇ ನಿಂತ ಹಾಗೆ. ತನ್ನ ತಪ್ಪಿಗೆ ತಾನೇ ಪರಿಹಾರ ಕೇಳುವಂತಿಲ್ಲ.

ಇದಕ್ಕೆ ದೂರ ಹೋಗಬೇಕಿಲ್ಲ. 2014ರ ಜೂನ್‌ನಲ್ಲಿ ನಮ್ಮ ಪಕ್ಕದ ಅರಸೀಕೆರೆ ಹತ್ತಿರವೇ ಒಂದು ಕಾರು ಉರುಳಿ, ಓಡಿಸುತ್ತಿದ್ದವರು ತೀರಿಕೊಂಡರು. ಕಾರಿನಲ್ಲಿ ಮನೆಯವರೂ ಇದ್ದರು. ಹೆಂಡತಿ, ಮಗ, ತಂದೆ ತಾಯಿ 80 ಲಕ್ಷ ಪರಿಹಾರ ಕೇಳಿದರು. ಅತಿ ವೇಗ, ಅಜಾಗರೂಕತೆ ಓಡಿಸಿದವರದ್ದೇ, ಕಾರು ಬೇರೆಯವರಿಂದ ಪಡೆದದ್ದು, ಆದ್ದರಿಂದ ಪರಿಹಾರ ಇಲ್ಲ ಅಂತ 2024ರ ನವೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿತು. 2025ರ ಜುಲೈ 2ರಂದು ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಹನ್ನೊಂದು ವರ್ಷ ಅಲೆದ ಮೇಲೆ. ತೀರ್ಪು ಸರಿಯೋ ತಪ್ಪೋ ಹೇಳುವಷ್ಟು ದೊಡ್ಡವಳು ನಾನಲ್ಲ. ಆದರೆ ಸ್ಟಿಯರಿಂಗ್ ಹಿಡಿದವರಿಗೆ ಈ ಪಾಲಿಸಿಯಲ್ಲಿ ಏನಿದೆ, ಏನಿಲ್ಲ ಅಂತ ಒಂದು ಸಾಲು ಮೊದಲೇ ಬರೆದುಕೊಟ್ಟಿದ್ದರೆ, ಆ ಮನೆಯವರು ಮುಂಚೆಯೇ ಬೇರೆ ಏನಾದರೂ ಏರ್ಪಾಡು ಮಾಡಿಕೊಳ್ಳುತ್ತಿದ್ದರೋ ಏನೋ.

ಈಗ ಹಿಂದಿನ ಸೀಟು. ಓರಗಿತ್ತಿ ಮತ್ತು ಮಗು.

ಇಲ್ಲಿ ‘ಫುಲ್’ ಸ್ವಲ್ಪ ಮಾನ ಉಳಿಸಿಕೊಳ್ಳುತ್ತದೆ. ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ಸ್ವಂತ ಕಾರಿನಲ್ಲಿ ಕೂತವರಿಗೆ ಅದು ಅನ್ವಯಿಸುವುದಿಲ್ಲ. ರಸ್ತೆಯಲ್ಲಿ ನಡೆದು ಹೋಗುವ ಗುರುತಿಲ್ಲದವರಿಗೆ ಇರುವ ರಕ್ಷಣೆ ಹಿಂದಿನ ಸೀಟಿನಲ್ಲಿರುವ ನಿಮ್ಮ ಮಗುವಿಗೆ ಇಲ್ಲ. ಈ ಸಾಲನ್ನು ಇನ್ನೊಂದು ಸಲ ಓದಿ ಅಂತ ಎಲ್ಲ ಅಮ್ಮಂದಿರಿಗೂ ಹೇಳುತ್ತೇನೆ. ಪ್ಯಾಕೇಜ್ ಪಾಲಿಸಿಯಲ್ಲಿ ಮಾತ್ರ ಕಾರಿನೊಳಗೆ ಕೂತವರೂ ಬರುತ್ತಾರೆ. 2009ರ ನವೆಂಬರ್‌ನಲ್ಲಿ ನಿಮ್ಮ ಪ್ರಾಧಿಕಾರವೇ ಸುತ್ತೋಲೆ ಹೊರಡಿಸಿ ಇದನ್ನು ಸ್ಪಷ್ಟ ಮಾಡಿತ್ತು. 2012ರಲ್ಲಿ ಸುಪ್ರೀಂ ಕೋರ್ಟೂ ಒಪ್ಪಿತು. ಒಳ್ಳೆಯ ಕೆಲಸ. ಆದರೆ ಅದು ವಕೀಲರಿಗೆ ಗೊತ್ತು, ನಮಗೆ ಗೊತ್ತಿಲ್ಲ.

ಗೊತ್ತಾದ ಮೇಲೂ ಒಂದು ಪೇಚು. ಹಣ ಸುಮ್ನೆ ಬರುವುದಿಲ್ಲ, ಮೋಟಾರು ಅಪಘಾತ ನ್ಯಾಯಮಂಡಳಿಗೆ ಹೋಗಬೇಕು. ಕಾರು ಓಡಿಸಿದವರ ತಪ್ಪು ಅಂತ ತೋರಿಸಬೇಕು. ಮಾಲೀಕರನ್ನೂ ಕಂಪನಿಯನ್ನೂ ಎದುರು ಪಾರ್ಟಿ ಮಾಡಬೇಕು. ಅಂದರೆ ಓರಗಿತ್ತಿ ತನ್ನ ಗಂಡನದ್ದೇ ತಪ್ಪು ಅನ್ನಬೇಕು, ಮಾವನವರಿಗೆ ನೋಟಿಸ್ ಕಳಿಸಬೇಕು. ಈ ಮಾತು ಊಟದ ಹೊತ್ತಲ್ಲಿ ಬಂತು. ಮಾವನವರು ತುತ್ತು ಕೈಯಲ್ಲೇ ಹಿಡಿದು, "ನನ್ನ ಸೊಸೆ ನನ್ನ ಮೇಲೆ ಕೇಸ್ ಹಾಕ್ತಾಳಾ?" ಅಂದರು. ಅಲ್ಲಿಗೆ ಮುಗಿಯಿತು. ನಾಲ್ಕು ಹೊಲಿಗೆಗಾಗಿ ಯಾರು ಕೋರ್ಟಿಗೆ ಹೋಗುತ್ತಾರೆ?

ಇದಕ್ಕೆಲ್ಲ ಒಂದು ಸಣ್ಣ ದಾರಿ ಇತ್ತು ಅಂತ ಆಮೇಲೆ ತಿಳಿಯಿತು. ಕಾರಿನಲ್ಲಿ ಕೂತವರ ಹೆಸರು ಬರೆಯದೆ, ಸೀಟಿನ ಲೆಕ್ಕದಲ್ಲಿ ವೈಯಕ್ತಿಕ ಅಪಘಾತ ವಿಮೆ ಸೇರಿಸಬಹುದು. ತಲೆಗೆ 2 ಲಕ್ಷದವರೆಗೆ. ಯಾರ ತಪ್ಪು ಅಂತ ಸಾಬೀತು ಮಾಡುವ ಗೋಜಿಲ್ಲ. ಅದೂ ಸಾವು, ಅಂಗನಷ್ಟಕ್ಕೆ ಮಾತ್ರ ಅನ್ನುವುದು ಬೇರೆ ಮಾತು. ಏಜೆಂಟರು ಇದನ್ನು ನಮಗೆ ಒಮ್ಮೆಯೂ ಹೇಳಿರಲಿಲ್ಲ. ಕಾರಿಗೆ ಸೀಟ್ ಕವರ್ ಉಚಿತ ಅಂತ ಮಾತ್ರ ಮೂರು ಸಲ ಹೇಳಿದ್ದರು.

ಆಸ್ಪತ್ರೆ ಬಿಲ್ಲು 1,38,000 ರೂಪಾಯಿ. ಓರಗಿತ್ತಿಯ ಎರಡೆಳೆ ಸರ ಬ್ಯಾಂಕಿನಲ್ಲಿ ಅಡವು ಕೂತಿತು. ಆಮೇಲೆ, ಮೇ 5ರಂದು ಕೇಂದ್ರ ಸರ್ಕಾರ ರಸ್ತೆ ಅಪಘಾತದ ಗಾಯಾಳುಗಳಿಗೆ ನಗದಿಲ್ಲದ ಚಿಕಿತ್ಸೆಯ ಯೋಜನೆ ಜಾರಿಗೆ ತಂದಿತು. ಗೊತ್ತುಮಾಡಿದ ಆಸ್ಪತ್ರೆಗಳಲ್ಲಿ 7 ದಿನದವರೆಗೆ, 1.5 ಲಕ್ಷದವರೆಗೆ. ನಾಲ್ಕು ತಿಂಗಳು ಮುಂಚೆ ಬಂದಿದ್ದರೆ ಸರ ಬೀರುವಿನಲ್ಲೇ ಇರುತ್ತಿತ್ತು. ಇರಲಿ, ಮುಂದೆ ಬೇರೆಯವರಿಗಾದರೂ ಸಿಗಲಿ.

ಇನ್ನು ಕಾರು. ‘ಫುಲ್’ ಅಂದರೆ ಕಾರಿಗಾದರೂ ಫುಲ್ಲಾ?

ಗ್ಯಾರೇಜಿನ ಬಿಲ್ಲು 80,000. ಕಂಪನಿ ಕೊಟ್ಟದ್ದು 54,000. ಮೋಸ ಅಂತ ಯಜಮಾನರು ಕೂಗಾಡಿದರು. ನಾನು ಕ್ಯಾಲ್ಕುಲೇಟರ್ ಹಿಡಿದು ಕೂತೆ. ಒಂದು ಪೈಸೆ ಮೋಸ ಇರಲಿಲ್ಲ. ಇದ್ದದ್ದು ನನ್ನದೇ ಪಾಠ, ಸವಕಳಿ, ಅಂದರೆ ಸಾಮಾನು ಬಳಸಿ ಹಳೆಯದಾದಂತೆ ಅದರ ಬೆಲೆಯಲ್ಲಿ ಕಳೆಯುವ ಲೆಕ್ಕ. ಬಂಪರ್, ಗ್ರಿಲ್, ಲೈಟಿನ ಡೂಮು, ಹೀಗೆ ಪ್ಲಾಸ್ಟಿಕ್ ಸಾಮಾನು 22,000. ಪ್ಲಾಸ್ಟಿಕ್, ರಬ್ಬರ್ ಯಾವುದೇ ಆಗಲಿ, ಕಾರು ಎಷ್ಟೇ ಹೊಸದಾಗಿರಲಿ, ಅರ್ಧ ಹಣ ಹೋಗುತ್ತದೆ. 11,000 ಕಡಿತ. ಬಾನೆಟ್, ರೇಡಿಯೇಟರ್ ಮುಂತಾದ ಲೋಹದ ಭಾಗ 30,000. ಇದಕ್ಕೆ ಕಾರಿನ ವಯಸ್ಸು ನೋಡುತ್ತಾರೆ. ಆರು ತಿಂಗಳವರೆಗೆ ಏನೂ ಹಿಡಿಯುವುದಿಲ್ಲ. ಎರಡನೇ ವರ್ಷದಲ್ಲಿ ಶೇ 10. ನಾಲ್ಕು ದಾಟಿ ಐದರೊಳಗಿದ್ದರೆ ಶೇ 35. ನಮ್ಮದು ನಾಲ್ಕು ದಾಟಿ ಒಂದು ತಿಂಗಳಾಗಿತ್ತು. 10,500 ಕಡಿತ. ಬಣ್ಣದ ಬಿಲ್ಲು 12,000, ಅದರಲ್ಲಿ ಕಾಲು ಭಾಗ ಸಾಮಾನು ಅಂತ ಲೆಕ್ಕ ಹಿಡಿದು ಅದರ ಅರ್ಧ, 1,500. ಕೂಲಂಟ್, ನಟ್ಟು ಬೋಲ್ಟು 2,000 ಪೂರ್ತಿ ನಮ್ಮದೇ. 1500 ಸಿಸಿ ಒಳಗಿನ ಕಾರಿಗೆ ಪ್ರತಿ ಕ್ಲೇಮಿಗೂ 1,000 ನಾವೇ ಹಾಕಬೇಕು. ಕೂಲಿ 14,000 ಪೂರ್ತಿ ಕೊಟ್ಟರು. ಕೂಡಿ ಕಳೆದರೆ 54,000. ಸರಿಯಾಗಿದೆ.

ಸರಿಯಾಗಿದ್ದೇ ನನಗೆ ಜಾಸ್ತಿ ಬೇಜಾರು. ಇಷ್ಟು ಸ್ಪಷ್ಟವಾದ ಲೆಕ್ಕವನ್ನು ಪಾಲಿಸಿ ಮಾರುವಾಗ ಒಂದು ಉದಾಹರಣೆ ಕೊಟ್ಟು ತೋರಿಸಲು ಏನು ಕಷ್ಟ? ಆಗ ‘ಬಂಪರ್ ಟು ಬಂಪರ್’ ಯಾಕೆ ಬೇಕು ಅಂತ ತಾನಾಗೇ ಅರ್ಥವಾಗುತ್ತಿತ್ತು. ಸವಕಳಿ ಹಿಡಿಯದ ಆ ಹೆಚ್ಚುವರಿ ವಿಮೆ ಇದ್ದಿದ್ದರೆ ನಮಗೆ 23,000 ಉಳಿಯುತ್ತಿತ್ತು. ಅದನ್ನು ಸಾಮಾನ್ಯವಾಗಿ ಮೊದಲ ಐದು ವರ್ಷ ಕೊಡುತ್ತಾರೆ. ಮೂರನೇ ವರ್ಷ ಪ್ರೀಮಿಯಂ ಕಡಿಮೆ ಮಾಡಿಕೊಡುತ್ತೇನೆ ಅಂತ ಏಜೆಂಟರು ಸದ್ದಿಲ್ಲದೆ ತೆಗೆದು ಹಾಕಿದ್ದರು. ನಾವೂ ಖುಷಿಯಾಗಿ ಕಾಫಿ ಕುಡಿಸಿ ಕಳಿಸಿದ್ದೆವು.

‘ಬಂಪರ್ ಟು ಬಂಪರ್’ ಅಂದಾಗ ನೆನಪಾಯಿತು. 2021ರ ಆಗಸ್ಟ್‌ನಲ್ಲಿ ಮದ್ರಾಸ್ ಹೈಕೋರ್ಟಿನ ಒಂದು ಆದೇಶ ದೊಡ್ಡ ಸುದ್ದಿಯಾಗಿತ್ತು. ಸೆಪ್ಟೆಂಬರ್ 1ರಿಂದ ಮಾರುವ ಹೊಸ ವಾಹನಗಳಿಗೆ ಐದು ವರ್ಷ ಬಂಪರ್ ಟು ಬಂಪರ್ ವಿಮೆ ಕಡ್ಡಾಯ, ಜೊತೆಗೆ ಚಾಲಕ, ಪ್ರಯಾಣಿಕರು, ಮಾಲೀಕರಿಗೂ ರಕ್ಷಣೆ ಇರಬೇಕು ಅಂತ. ಜಾರಿಗೆ ತರುವುದು ಆಗದ ಮಾತು ಅಂತ ಸೆಪ್ಟೆಂಬರಿನಲ್ಲಿ ಕೋರ್ಟೇ ವಾಪಸ್ ತೆಗೆದುಕೊಂಡಿತು. ಆ ಮಾತಿನಲ್ಲಿರುವುದು ಬಂಪರು. ಮನುಷ್ಯರು ಒಳಗಿದ್ದಾರೆ ಅಂತ ಕೋರ್ಟಾದರೂ ಒಂದು ಸಲ ನೆನಪಿಸಿತಲ್ಲ.

ನೋ ಕ್ಲೇಮ್ ಬೋನಸ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಕ್ಲೇಮ್ ಇಲ್ಲದೆ ಒಂದೊಂದು ವರ್ಷ ದಾಟಿದಂತೆ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ ಶೇ 20, 25, 35, 45, ಕೊನೆಗೆ 50 ಅಂತ ಏರುತ್ತದೆ. ಒಂದು ಕ್ಲೇಮ್ ಮಾಡಿದರೆ ಹಾವು ಏಣಿ ಆಟದ ಹಾಗೆ ಸೀದಾ ಕೆಳಗೆ. ನಾವು 45ರಲ್ಲಿದ್ದೆವು, ಈಗ ಸೊನ್ನೆ. ಹಾಗಾಗಿ ಕನ್ನಡಿ ಒಡೆದು ಎರಡೂವರೆ ಸಾವಿರ ಖರ್ಚು ಬಂದರೆ ಕ್ಲೇಮ್ ಮಾಡುವುದು ನಷ್ಟದ ಬಾಬ್ತು. ಸ್ವಂತ ಹಾನಿಯ ಪ್ರೀಮಿಯಂ 7,000 ಇದ್ದವರು ಮುಂದಿನ ವರ್ಷದ 3,500 ರೂಪಾಯಿ ರಿಯಾಯಿತಿ ಕಳೆದುಕೊಳ್ಳಬಹುದು. ಈ ಬೋನಸ್ ಕಾರಿನದ್ದಲ್ಲ, ಮಾಲೀಕರದ್ದು. ಹಳೆ ಕಾರು ಮಾರಿ ಹೊಸದು ತಂದರೆ ಅದಕ್ಕೆ ಹಾಕಿಸಿಕೊಳ್ಳಬಹುದು. ಪಾಲಿಸಿ ಮುಗಿದು 90 ದಿನ ದಾಟಿದರೆ ಮಾತ್ರ ಕಳೆದುಹೋಗುತ್ತದೆ.

ನೀರಿನ ವಿಷಯವೂ ಹಾಗೇ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಯೆಮಲೂರು ಕಡೆ ಕೋಟಿ ಬೆಲೆಯ ಕಾರುಗಳೂ ನೀರಲ್ಲಿ ಮುಳುಗಿದ್ದನ್ನು ಟಿವಿಯಲ್ಲಿ ಎಲ್ಲರೂ ನೋಡಿದೆವು. ಪ್ರವಾಹದ ಹಾನಿ ಪ್ಯಾಕೇಜ್ ಪಾಲಿಸಿಯಲ್ಲಿ ಬರುತ್ತದೆ. ಆದರೆ ನೀರಲ್ಲಿ ನಿಂತ ಕಾರಿನ ಕೀ ತಿರುಗಿಸಿ ಎಂಜಿನ್ ಒಳಗೆ ನೀರು ಎಳೆದುಕೊಂಡರೆ, ಎಂಜಿನ್‌ಗೆ ಪ್ರತ್ಯೇಕ ವಿಮೆ ಇಲ್ಲದವರಿಗೆ ಕಂಪನಿಗಳು ಕೈ ಎತ್ತುತ್ತವೆ. ನೀರು ಕಂಡರೆ ಸ್ಟಾರ್ಟ್ ಮಾಡಬೇಡಿ, ಫೋಟೋ ತೆಗೆದು ಫೋನ್ ಮಾಡಿ ಅನ್ನುವ ಒಂದು ಸಾಲನ್ನು ಪಾಲಿಸಿಯ ಮೊದಲ ಪುಟದಲ್ಲೇ ಹಾಕಬಹುದಲ್ಲ. ಬಿಳಿ ಬೋರ್ಡ್ ಕಾರನ್ನು ಬಾಡಿಗೆಗೆ ಓಡಿಸಿದರೆ ಕ್ಲೇಮ್ ತಿರಸ್ಕರಿಸಬಹುದು ಅನ್ನುವುದನ್ನೂ ಅಲ್ಲೇ ಬರೆಯಿರಿ. ಮದುವೆ ಸೀಸನ್ನಿನಲ್ಲಿ ನಮ್ಮ ಕಡೆ ಅರ್ಧ ಊರು ಅದನ್ನೇ ಮಾಡುತ್ತದೆ.

ನಾನು ಕೇಳುವುದು ದೊಡ್ಡದೇನಲ್ಲ. ಪಾಲಿಸಿಯ ಜೊತೆ ಒಂದೇ ಒಂದು ಪುಟ ಬೇಕು. ಕನ್ನಡದಲ್ಲಿ. ಆರೋಗ್ಯ ವಿಮೆಯಲ್ಲಿ 2024ರ ಜನವರಿ 1ರಿಂದ ಗ್ರಾಹಕರ ಮಾಹಿತಿ ಹಾಳೆ ಕಡ್ಡಾಯ ಮಾಡಿದ್ದೀರಿ, ಕೇಳಿದವರಿಗೆ ಅವರ ಭಾಷೆಯಲ್ಲೇ ಕೊಡಬೇಕು ಅಂದಿದ್ದೀರಿ. ಕೇಳಬೇಕು ಅಂತ ಗೊತ್ತಿರುವವರು ಎಷ್ಟು ಜನ? ಕಾರಿನ ವಿಮೆಯಲ್ಲಿ ಕೇಳದೇ ಕೊಡಿ. ಅದರಲ್ಲಿ ಸೀಟುಗಳ ಚಿತ್ರ ಇರಲಿ. ಬಸ್ಸಿನ ಟಿಕೆಟ್ ಬುಕ್ ಮಾಡುವಾಗ ಬರುತ್ತದಲ್ಲ, ಹಾಗೆ. ಡ್ರೈವರ್ ಸೀಟಿನಲ್ಲಿ ಮಾಲೀಕರು ಕೂತರೆ ಇಷ್ಟು, ಬೇರೆಯವರು ಕೂತರೆ ಇಷ್ಟು, ಸಂಬಳದ ಡ್ರೈವರ್ ಆದರೆ ಇಷ್ಟು. ಪಕ್ಕದ ಸೀಟಿಗೆ ಇಷ್ಟು, ಹಿಂದಿನ ಸೀಟಿಗೆ ಇಷ್ಟು. ಯಾವ ಸೀಟು ಖಾಲಿ ಅಂತ ಕಣ್ಣಿಗೆ ಕಾಣಲಿ. ಕೆಳಗೆ ನನ್ನ 80,000ದ ಬಿಲ್ಲಿನಂಥ ಒಂದು ಲೆಕ್ಕ. ಮತ್ತೆ, ಮಾಲೀಕರ ಲೈಸೆನ್ಸ್ ನಂಬರ್ ಹಾಕದೆ ಆ 15 ಲಕ್ಷದ ವಿಮೆಯ ಹಣ ತೆಗೆದುಕೊಳ್ಳಲು ಕಂಪ್ಯೂಟರ್ ಬಿಡಬಾರದು. ಈವರೆಗೆ ಹಾಗೆ ತೆಗೆದುಕೊಂಡಿದ್ದನ್ನು ವಾಪಸ್ ಕೊಡಿಸಿ. ಬೇರೆ ಕಡೆ ಅಷ್ಟೇ ಮೊತ್ತದ ವೈಯಕ್ತಿಕ ಅಪಘಾತ ವಿಮೆ ಇರುವವರು ಇದನ್ನು ಬಿಡಬಹುದು, ಎರಡು ಗಾಡಿ ಇದ್ದರೂ ಒಂದೇ ಸಾಕು ಅನ್ನುವುದನ್ನೂ ಮಾರುವವರ ಬಾಯಿಂದಲೇ ಹೇಳಿಸಿ.

ನೀವು ಒಳ್ಳೆಯದನ್ನೂ ಮಾಡಿದ್ದೀರಿ, ಇಲ್ಲ ಅನ್ನುವುದಿಲ್ಲ. ಕಾಗದಪತ್ರ ಸಾಲದು ಅಂತ ಕ್ಲೇಮ್ ತಿರಸ್ಕರಿಸುವಂತಿಲ್ಲ ಅಂತ 2024ರಲ್ಲಿ ಹೇಳಿದಿರಿ. ಸರ್ವೇಯರನ್ನು 24 ಗಂಟೆಯಲ್ಲಿ ನೇಮಿಸಬೇಕು, ಅವರು 15 ದಿನದಲ್ಲಿ ವರದಿ ಕೊಡಬೇಕು ಅಂದಿರಿ. ನಮ್ಮ ಸರ್ವೇಯರ್ ನಾಲ್ಕನೇ ದಿನ ಬಂದರು. ಬಂದವರು ಒಳ್ಳೆಯವರೇ. ಬಂಪರ್ ಯಾಕೆ ಅರ್ಧ ಅಂತ ನನಗೆ ಮೊದಲು ಬಿಡಿಸಿ ಹೇಳಿದ್ದು ಅವರೇ, ಗ್ಯಾರೇಜಿನ ಟೈರಿನ ಮೇಲೆ ಕೂತು.

ಇದನ್ನು ಓದುತ್ತಿರುವ ಬೇರೆ ಮನೆಯವರಿಗೂ ಒಂದು ಮಾತು. ಕಂಪನಿ ತಿರಸ್ಕರಿಸಿದರೆ ಅಲ್ಲಿಗೇ ಕೈ ಚೆಲ್ಲಬೇಡಿ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಲಿಖಿತವಾಗಿ ಬರೆಯಿರಿ. ದೂರು ಕೊಡಲು ಪ್ರಾಧಿಕಾರದ ‘ಬಿಮಾ ಭರೋಸಾ’ ವೆಬ್‌ಸೈಟ್ ಇದೆ, 155255ಕ್ಕೆ ಫೋನೂ ಮಾಡಬಹುದು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನ ಜೆ.ಪಿ. ನಗರದಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗಿ. 50 ಲಕ್ಷದವರೆಗಿನ ದೂರು ಕೇಳುತ್ತಾರೆ. ಶುಲ್ಕ ಇಲ್ಲ, ವಕೀಲರೂ ಬೇಡ. ತಿರಸ್ಕಾರದ ಪತ್ರ ಬಂದು ವರ್ಷ ದಾಟುವ ಮುಂಚೆ ಹೋಗಬೇಕು, ಅಷ್ಟೆ. ಅದಕ್ಕೂ ಮುಂಚೆ, ಇವತ್ತು ಸಂಜೆಯೇ, ಕಾರಿನ ಪೆಟ್ಟಿಗೆಯಿಂದ ಪಾಲಿಸಿ ತೆಗೆದು ಆರ್‌ಸಿ ಪಕ್ಕ ಇಟ್ಟು ನೋಡಿ. ಎರಡರಲ್ಲೂ ಯಾರ ಹೆಸರಿದೆ, ಕೀ ಯಾರ ಕೈಯಲ್ಲಿದೆ ಅಂತ.

ಮಾನ್ಯರೇ, ನಮ್ಮ ಪಾಲಿಸಿ ಡಿಸೆಂಬರಿನಲ್ಲಿ ಮುಗಿಯುತ್ತದೆ. ಏಜೆಂಟರು ನಿನ್ನೆಯೇ ವಾಟ್ಸಾಪಿನಲ್ಲಿ ಹೊಸ ಲೆಕ್ಕ ಕಳಿಸಿದ್ದಾರೆ. ಥರ್ಡ್ ಪಾರ್ಟಿ 3,416, ಅದು 2022ರ ಜೂನ್‌ನಿಂದ ಹಾಗೇ ಇದೆ. ಬೋನಸ್ ಸೊನ್ನೆ. ಜಿಎಸ್‌ಟಿ ಶೇ 18. ಕೆಳಗೆ, "ಮೇಡಂ, ಈ ಸಲವೂ ಫುಲ್ ಇನ್ಶೂರೆನ್ಸ್" ಅಂತ ಕೈಮುಗಿದ ಚಿತ್ರ. ಮಾವನವರ ಹೆಸರಲ್ಲಿ 15 ಲಕ್ಷದ ವಿಮೆಯನ್ನು ಮತ್ತೆ ಸೇರಿಸಿದ್ದಾರೆ.

ಇಂತಿ,
ಪಾಲಿಸಿದಾರರ ಹಿರಿಸೊಸೆ,
ತಿಪಟೂರು